ಟ್ಯಾರೋ ಎಲೆಯ ಮೂಲೆಯಲ್ಲಿ ಅಡಗಿರುವುದನ್ನು ಓದುವ ಬಗೆ

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳ ಮುಂದೆ ನಿಂತಾಗ, ಇದು ಯಾವ ದೇವರು ಎಂದು ತಿಳಿಯಲು ನಾವು ಮುಖವನ್ನು ನೋಡುವುದಕ್ಕಿಂತ ಕೈಯಲ್ಲಿ ಹಿಡಿದದ್ದನ್ನೂ ಕಾಲ ಬಳಿಯ ವಾಹನವನ್ನೂ ನೋಡುತ್ತೇವೆ. ಇಡಗುಂಜಿಯ ದ್ವಿಭುಜ ಗಣಪತಿಯ ಕೈಗಳಲ್ಲಿ ಪದ್ಮವೂ ಮೋದಕವೂ ಇವೆ, ಆದರೆ ಇಲಿ ಇಲ್ಲ. ಇಲ್ಲದಿರುವುದನ್ನೂ ಗಮನಿಸುವ ಅಭ್ಯಾಸ ಈ ಸೀಮೆಯ ಭಕ್ತರಿಗೆ ಹೊಸದಲ್ಲ. ಭವಿಷ್ಯ ನುಡಿಯಲು ಬಳಸುವ, ಇಸ್ಪೀಟೆಲೆಯಂಥ ಟ್ಯಾರೋ ಚಿತ್ರದೆಲೆಗಳ ಸಣ್ಣ ಗುರುತುಗಳನ್ನು ಓದಲು ಬೇಕಾಗುವುದೂ ಇದೇ ಕಣ್ಣು. ಆದರೆ ಆ ಎಲೆಗಳು ನಮ್ಮ ಗೋಡೆಯವಲ್ಲ ಎಂಬುದನ್ನು ಮರೆಯಬಾರದು.

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನಂಥ ಆಟವಾಗಿ; ಭವಿಷ್ಯ ನುಡಿಯುವ ಬಳಕೆ 18ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನಲ್ಲಿ ಹಬ್ಬಿತು. ಇಂದು ಹೆಚ್ಚಿನವರ ಕೈಗೆ ಸಿಗುವುದು 1909ರಲ್ಲಿ ಲಂಡನ್ನಿನ ರೈಡರ್ ಸಂಸ್ಥೆ ಪ್ರಕಟಿಸಿದ ಕಟ್ಟು, ಅಥವಾ ಅದರ ಮರಿ. ಅದರ 78 ಎಲೆಗಳ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು. ಇಲ್ಲಿ ಕೊಡುವ ಉದಾಹರಣೆಗಳೆಲ್ಲ ಆ ಕಟ್ಟಿನವು.

ಮೊದಲು ಎಲೆಯನ್ನು ಹಗಲು ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ನೋಡಬೇಕು. ಕಾರವಾರದ ಮಳೆಗಾಲವನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಒಂದು ಆಷಾಢದಲ್ಲಿ ನಾನು ‘ಹರ್ಮಿಟ್’ ಎಲೆಯ ಹಿಮದ ಮೇಲಿದ್ದ ಮೂರು ಕಂದು ಚುಕ್ಕೆಗಳಿಗೆ ಅರ್ಥ ಹುಡುಕುತ್ತ ಎರಡು ದಿನ ಕಳೆದೆ, ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಒಂದು ಚುಕ್ಕೆ ಮಾಯವಾಯಿತು. ಅದು ಬೂಷ್ಟು. ಆದ್ದರಿಂದ ಸಂಶಯ ಬಂದ ಗುರುತನ್ನು ಅದೇ ಕಟ್ಟಿನ ಇನ್ನೊಂದು ಮುದ್ರಣದೊಂದಿಗೆ ಹೋಲಿಸಿ ನೋಡುವುದು ಕ್ಷೇಮ, ಏಕೆಂದರೆ ಬಣ್ಣಗಳು ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತವೆ, ಗೆರೆಗಳು ಅಷ್ಟಾಗಿ ಬದಲಾಗುವುದಿಲ್ಲ. ಬಣ್ಣವೊಂದನ್ನೇ ನೆಚ್ಚಿ ಅರ್ಥ ಕಟ್ಟಬಾರದು.

ಹಾಗೆಯೇ ಹುಲ್ಲಿನ ನಡುವೆ, ಬಂಡೆಯ ಬುಡದಲ್ಲಿ, ನೀರಿನ ಅಂಚಿನಲ್ಲಿ ಹಾವಿನಂತೆ ಸುತ್ತಿಕೊಂಡ ಒಂದು ಸಣ್ಣ ಆಕೃತಿ ಎಲೆಯಿಂದ ಎಲೆಗೆ ಕಾಣಿಸಿಕೊಳ್ಳುತ್ತದೆ. ಹೊಸಬರು ಇದನ್ನು ಗುಪ್ತ ಮಂತ್ರಾಕ್ಷರವೆಂದು ಭಾವಿಸುವುದುಂಟು. ಅದು ಪಮೇಲಾ ಅವರ ಹೆಸರಿನ ಮೂರು ಮೊದಲಕ್ಷರಗಳನ್ನು ಹೆಣೆದ ಸಹಿ, ಅಷ್ಟೆ.

ಎರಡನೆಯ ಹೆಜ್ಜೆಗೆ ಒಂದು ನೋಟ್‌ಬುಕ್ ಬೇಕು, ಪುಟಕ್ಕೆ ಮೂರು ಅಂಕಣ. ಮೊದಲನೆಯದರಲ್ಲಿ ಕಂಡದ್ದನ್ನು ಮಾತ್ರ, ಅರ್ಥ ಸೇರಿಸದೆ ಬರೆಯಬೇಕು: ‘ನಾಯಿ’ ಎಂದು ಬರೆಯಬಹುದು, ‘ನಿಷ್ಠೆ’ ಎಂದು ಬರೆಯಬಾರದು. ಎರಡನೆಯದರಲ್ಲಿ ಅದೇ ಗುರುತು ಈ ಕಟ್ಟಿನಲ್ಲಿ ಬೇರೆಲ್ಲಿ ಬಂದಿದೆ ಎಂಬುದು. ಮೂರನೆಯದರಲ್ಲಿ ಅರ್ಥ, ಮತ್ತು ಆ ಅರ್ಥ ಯಾರದು ಎಂಬುದು: ವೇಟ್ ಅವರದೋ, ಹಳೆಯ ಯುರೋಪಿನ ಸಂಪ್ರದಾಯದ್ದೋ, ಅಥವಾ ನಮ್ಮದೇ ಕಲ್ಪನೆಯೋ. ನನ್ನ ಅನುಭವದಲ್ಲಿ ಕೆಲಸದ ಹೆಚ್ಚಿನ ಭಾಗ ನಡೆಯುವುದು ಎರಡನೆಯ ಅಂಕಣದಲ್ಲೇ.

ಅಡ್ಡ ಬಿದ್ದ ಎಂಟರಂಥ ಅನಂತದ ಗುರುತನ್ನು ತೆಗೆದುಕೊಳ್ಳೋಣ. ‘ಮೆಜೀಶಿಯನ್’ ಎಲೆಯಲ್ಲಿ ಅದು ಮಾಂತ್ರಿಕನ ತಲೆಯ ಮೇಲೆ ತೇಲುತ್ತದೆ, ‘ಸ್ಟ್ರೆಂತ್’ ಎಲೆಯಲ್ಲಿ ಸಿಂಹದ ಬಾಯಿಗೆ ಕೈಯಿಟ್ಟ ಹೆಣ್ಣಿನ ತಲೆಯ ಮೇಲಿದೆ. ‘ಟೂ ಆಫ್ ಪೆಂಟಕಲ್ಸ್’ ಎಲೆಯಲ್ಲಿ ಮಾತ್ರ ಅದು ತಲೆಯಿಂದ ಇಳಿದು, ಎರಡು ನಾಣ್ಯಗಳನ್ನು ಆಡಿಸುವ ಯುವಕನ ಕೈಯಲ್ಲಿ ಪಟ್ಟಿಯಾಗಿದೆ. ಮೊದಲೆರಡು ಕಡೆ ಬೇಡದೆ ಒದಗಿದ ಬಲ, ಮೂರನೆಯ ಕಡೆ ಕೈ ಬಿಡದೆ ತೂಗಬೇಕಾದ ದುಡಿಮೆ ಎಂದು ನಾನು ಓದುತ್ತೇನೆ. ಅವನ ಬೆನ್ನ ಹಿಂದೆ ದೊಡ್ಡ ಅಲೆಗಳ ಮೇಲೆ ಹಡಗುಗಳು ಏರಿಳಿಯುತ್ತಿವೆ, ನಮ್ಮ ಕಡಲಿನ ಮೀನುಗಾರರಿಗೆ ಆ ಹೊಯ್ದಾಟ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಆದರೆ ಅವನ ಕಾಲ ಹಿಂದಿನ ಅಡ್ಡಗೆರೆಯನ್ನೂ ಗಮನಿಸಬೇಕು. ಪಮೇಲಾ ಲಂಡನ್ನಿನ ಲೈಸಿಯಂ ರಂಗಭೂಮಿಯ ಬಳಗದೊಂದಿಗೆ ಕೆಲಸ ಮಾಡಿದವರು. ಇಂಥ ಹಲವು ಎಲೆಗಳಲ್ಲಿ ವ್ಯಕ್ತಿ ನಿಂತಿರುವುದು ರಂಗದ ಹಲಗೆಯ ಮೇಲೆ, ಹಿಂದಿನ ದೃಶ್ಯ ಕಂಪನಿ ನಾಟಕದ ಪರದೆಯ ಹಾಗೆ. ಹಾಗೆ ನೋಡಿದರೆ ಆ ಬಿರುಗಾಳಿ ನಿಜವೋ ಪರದೆಯೋ ಎಂಬ ಪ್ರಶ್ನೆಯೂ ಓದಿನೊಳಗೆ ಬರುತ್ತದೆ.

ಇದೇ ರೀತಿ ಎರಡು ಗೋಪುರಗಳು ‘ಡೆತ್’ ಎಲೆಯ ದಿಗಂತದಲ್ಲೂ ಇವೆ, ‘ಮೂನ್’ ಎಲೆಯಲ್ಲೂ ಇವೆ. ಮೊದಲನೆಯದರಲ್ಲಿ ಅವುಗಳ ನಡುವೆ ಸೂರ್ಯ, ಎರಡನೆಯದರಲ್ಲಿ ದಾರಿ. ದಾಳಿಂಬೆ ‘ಹೈ ಪ್ರೀಸ್ಟೆಸ್’ ಹಿಂದಿನ ತೆರೆಯಲ್ಲಿದ್ದು ‘ಎಂಪ್ರೆಸ್’ ಉಡುಪಿಗೆ ಬಂದಿದೆ. ಇಂಥ ಜೋಡಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

ಅಕ್ಷರಗಳಿಗೆ ಬೇರೆಯೇ ತಾಳ್ಮೆ ಬೇಕು. ‘ವೀಲ್ ಆಫ್ ಫಾರ್ಚೂನ್’ ಎಲೆಯ ಚಕ್ರದ ಮೇಲೆ ಟಿ, ಎ, ಆರ್, ಓ ಎಂಬ ನಾಲ್ಕು ರೋಮನ್ ಅಕ್ಷರಗಳಿವೆ. ಮೇಲಿನಿಂದ ಬಲಕ್ಕೆ ಸುತ್ತಿ ಮೊದಲ ಅಕ್ಷರಕ್ಕೇ ಮರಳಿದರೆ ‘ಟ್ಯಾರೋ’ ಎಂಬ ಹೆಸರಿನ ಕಾಗುಣಿತ ಪೂರ್ಣವಾಗುತ್ತದೆ. ಕೆಳಗಿನಿಂದ ಅದೇ ದಿಕ್ಕಿನಲ್ಲಿ ಸುತ್ತಿದರೆ ‘ರೋಟಾ’, ಅಂದರೆ ಲ್ಯಾಟಿನ್ನಿನಲ್ಲಿ ಚಕ್ರ. ಮೇಲಿನಿಂದ ಎಡಕ್ಕೆ ಸುತ್ತಿದರೆ ‘ತೋರಾ’, ಅಂದರೆ ಯೆಹೂದ್ಯರ ಧರ್ಮಗ್ರಂಥ. ಈ ಮೂರನೆಯ ಓದು ಬರಿಯ ಆಟವಲ್ಲ, ಏಕೆಂದರೆ ಹೈ ಪ್ರೀಸ್ಟೆಸ್ ಮಡಿಲಲ್ಲಿರುವ ಸುರುಳಿಯಲ್ಲೂ ಅದೇ ಪದವಿದೆ, ಸುರುಳಿಯ ತುದಿಯನ್ನು ಅವಳ ಮೇಲುಡುಪು ಮುಚ್ಚಿದೆ. ರೋಮನ್ ಅಕ್ಷರಗಳ ನಡುವೆ ದೇವರ ಹೆಸರಿನ ನಾಲ್ಕು ಹೀಬ್ರೂ ಅಕ್ಷರಗಳೂ, ಒಳಗೆ ಪಾದರಸ, ಗಂಧಕ, ಉಪ್ಪು ಇವುಗಳ ರಸವಿದ್ಯೆಯ ಚಿಹ್ನೆಗಳೂ ಇವೆ. ‘ಫೋರ್ ಆಫ್ ಸ್ವೋರ್ಡ್ಸ್’ ಎಲೆಯ ಬಣ್ಣದ ಗಾಜಿನ ಕಿಟಕಿಯಲ್ಲಿ ಸಂತನ ಪ್ರಭಾವಳಿಯೊಳಗೆ ‘ಪಾಕ್ಸ್’, ಶಾಂತಿ, ಎಂಬ ಲ್ಯಾಟಿನ್ ಪದವಿದೆ, ಭೂತಗನ್ನಡಿಯಿಲ್ಲದೆ ಅದು ಕಾಣುವುದು ಕಷ್ಟ.

ಎಣಿಸುವುದೂ ಓದಿನ ಭಾಗವೇ. ಸಿಡಿಲು ಬಡಿದ ‘ಟವರ್’ ಎಲೆಯಲ್ಲಿ ಉದುರುವ ಕಿಡಿಗಳು 22. ಹೀಬ್ರೂ ವರ್ಣಮಾಲೆಯ ಅಕ್ಷರಗಳೂ 22, ಟ್ಯಾರೋದ ಮುಖ್ಯ ಎಲೆಗಳೂ 22. ಕಿಡಿಯ ಆಕಾರವೇ ‘ಯೋದ್’ ಎಂಬ ಹೀಬ್ರೂ ಅಕ್ಷರದ್ದು. ‘ಏಟ್ ಆಫ್ ಕಪ್ಸ್’ ಎಲೆಯಲ್ಲಿ ಕೆಳಸಾಲಿನಲ್ಲಿ ಐದು ಬಟ್ಟಲು, ಮೇಲಿನ ಸಾಲಿನಲ್ಲಿ ಮೂರು, ನಡುವೆ ಒಂದು ಬಟ್ಟಲಿನಷ್ಟು ಖಾಲಿ ಜಾಗ. ಬೆನ್ನು ತಿರುಗಿಸಿ ಗುಡ್ಡದತ್ತ ಹೊರಟವನು ಏಕೆ ಹೊರಟ ಎಂಬುದಕ್ಕೆ ಆ ಎಲೆಯಲ್ಲಿ ಬೇರೆ ಸಾಕ್ಷ್ಯವಿಲ್ಲ. ಇಡಗುಂಜಿಯ ಇಲ್ಲದ ಇಲಿಯನ್ನು ನಾನು ಮೊದಲೇ ನೆನೆದದ್ದು ಇದಕ್ಕಾಗಿ.

ಇನ್ನು, ಕರಾವಳಿಯವರು ಎಡವುವ ಎರಡು ಕಡೆಗಳನ್ನು ಹೇಳಲೇಬೇಕು. ಮೂನ್ ಎಲೆಯ ಕೊಳದಿಂದ ಮೇಲೇರುವ ಜೀವಿಯನ್ನು ನಮ್ಮವರು ಶೆಟ್ಲಿ, ಅಂದರೆ ಸೀಗಡಿ, ಎನ್ನುತ್ತಾರೆ, ಏಡಿ ಎಂದು ವಾದಿಸುವವರೂ ಇದ್ದಾರೆ. ಅದು ಸಿಹಿನೀರಿನ ಕ್ರೇಫಿಷ್. ಹಳೆಯ ಯುರೋಪಿನಲ್ಲಿ ಕರ್ಕಾಟಕ ರಾಶಿಗೆ ಏಡಿಯ ಬದಲು ಇದನ್ನು ಬರೆಯುವ ರೂಢಿಯಿತ್ತು, ಮತ್ತು ಕರ್ಕಾಟಕದ ಅಧಿಪತಿ ಚಂದ್ರ. ಅದನ್ನು ಸಂತೆಯ ಮೀನುಬುಟ್ಟಿಗೆ ಹಾಕಿದರೆ ಈ ಕೊಂಡಿ ತಪ್ಪಿಹೋಗುತ್ತದೆ. ಎರಡನೆಯದು ‘ಚಾರಿಯಟ್’ ಎಲೆ. ರಥದ ಮುಂಭಾಗದಲ್ಲಿ ರೆಕ್ಕೆಯ ಬಿಂಬದ ಕೆಳಗೆ ಬುಗುರಿಯಂಥ ಒಂದು ಆಕೃತಿಯಿದೆ, ಅದನ್ನು ಹಲವು ವ್ಯಾಖ್ಯಾನಕಾರರು ಲಿಂಗ ಮತ್ತು ಯೋನಿಯ ಸಂಕೇತವೆಂದು ಓದಿದ್ದಾರೆ. ಗೋಕರ್ಣದ ಪಕ್ಕದಲ್ಲಿ ಬೆಳೆದವರಿಗೆ ತಕ್ಷಣ ಆತ್ಮಲಿಂಗವೂ ರಾವಣನೂ ನೆನಪಾಗುವುದು ಸಹಜ. ಆದರೂ ಅಲ್ಲಿ ಕಥೆಯನ್ನು ಹೂಡಬಾರದು: ರಥದ ಮುಂದೆ ಕಪ್ಪು ಮತ್ತು ಬಿಳಿ ಸಿಂಹನಾರಿಯರು ಕುಳಿತಿದ್ದಾರೆ, ಆ ಚಿತ್ರ ಮಾತಾಡುತ್ತಿರುವುದು ವಿರುದ್ಧ ಶಕ್ತಿಗಳನ್ನು ಒಂದೇ ಹಿಡಿತಕ್ಕೆ ತರುವುದರ ಬಗ್ಗೆ, ಲಿಂಗದ ಆಕೃತಿ ಆ ಮಾತಿಗೆ ಒದಗಿದ ಒಂದು ಪದ. ಗೋಕರ್ಣದ ನೆನಪನ್ನು ಮೂರನೆಯ ಅಂಕಣದಲ್ಲಿ ‘ನನ್ನದು’ ಎಂಬ ಗುರುತಿನೊಂದಿಗೆ ಬರೆದಿಟ್ಟರೆ ಯಾವ ದೋಷವೂ ಇಲ್ಲ.

ಅಭ್ಯಾಸ ಶುರುಮಾಡುವವರು ‘ಸಿಕ್ಸ್ ಆಫ್ ಸ್ವೋರ್ಡ್ಸ್’ ಎಲೆಯನ್ನು ಆರಿಸಿಕೊಳ್ಳಬಹುದು, ಅದರಲ್ಲಿ ಗೊಂದಲ ಕಡಿಮೆ. ಅಂಬಿಗ, ಮುಸುಕು ಹಾಕಿದ ಹೆಣ್ಣು, ಮಗು, ದೋಣಿಯಲ್ಲಿ ನೆಟ್ಟ ಆರು ಕತ್ತಿಗಳು. ಇಷ್ಟು ಎಲ್ಲರಿಗೂ ಕಾಣುತ್ತದೆ. ನಂತರ ನೀರನ್ನು ನೋಡಬೇಕು: ದೋಣಿಯ ಒಂದು ಪಕ್ಕದಲ್ಲಿ ಅಲೆಯ ಗೆರೆಗಳಿವೆ, ಇನ್ನೊಂದು ಪಕ್ಕದಲ್ಲಿ ನೀರು ನಯವಾಗಿದೆ. ಕೋಡಿಬಾಗದಲ್ಲಿ ನಿಂತು, ಕಾಳಿ ನದಿ ಕಡಲನ್ನು ಸೇರುವಲ್ಲಿ ನೀರಿನ ಬಣ್ಣವೂ ನಡೆಯೂ ಬೇರೆಯಾಗುವುದನ್ನು ಕಂಡವರು ಈ ಗೆರೆಗಳನ್ನು ಬೇಗ ಹಿಡಿಯುತ್ತಾರೆ. ಮೊದಲ ಅಂಕಣದಲ್ಲಿ ಬರೆಯಬೇಕಾದದ್ದು ‘ಒರಟು ನೀರು, ನಯ ನೀರು’ ಎಂದಷ್ಟೇ.