ಮೊರೊಡ್ ಗದ್ದೆಗೆ ಎಷ್ಟು ಬೀಜ, ಯಾವ ತಳಿ: ನನ್ನ ಅನುಭವ

ಗೋವಾದವರು ಮೊರೊಡ್ ಅನ್ನುವುದು ನಮ್ಮ ಉತ್ತರ ಕನ್ನಡದ ಮಕ್ಕಿ ಗದ್ದೆಯನ್ನೇ, ಅಂದರೆ ಮಳೆ ನಂಬಿ ಭತ್ತ ಬೆಳೆಯುವ ಎತ್ತರದ ಗದ್ದೆಯನ್ನು. ಜಂಬಿಟ್ಟಿಗೆ ಮಣ್ಣು, ಎಷ್ಟು ಮಳೆ ಸುರಿದರೂ ನೀರು ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ಎಂಟು ದಿನ ಬಿಸಿಲು ಹೊಡೆದರೆ ಎಲೆ ಸುರುಳಿ ಸುತ್ತುತ್ತದೆ. ಇಲ್ಲಿ ಒಣಬಿತ್ತನೆಗೆ, ಅಂದರೆ ನಾಟಿ ಮಾಡದೆ ಒಣ ಬೀಜವನ್ನೇ ನೇರ ಬಿತ್ತುವುದಕ್ಕೆ, ಎಲ್ಲರೂ ಕೇಳುವುದು 'ಎಕರೆಗೆ ಎಷ್ಟು ಕಿಲೋ?' ಎಂದು. ನಾನು ಕಿಲೋ ಬಿಟ್ಟು ಕಾಳು ಎಣಿಸತೊಡಗಿದೆ. ಒಂದು ಕಿಲೋ ದಪ್ಪ ಕಾಳಿಗೂ ಒಂದು ಕಿಲೋ ಸಣ್ಣ ಕಾಳಿಗೂ ಏಳುವ ಸಸಿಗಳ ಲೆಕ್ಕವೇ ಬೇರೆ.

ಮೊದಲು ಉಪ್ಪುನೀರಿನಲ್ಲಿ ಜೊಳ್ಳು ತೇಲಿಸಿ ತೆಗೆದು, ಬೀಜವನ್ನು ತೊಳೆದು ಒಣಗಿಸುತ್ತೇನೆ. ಸಾವಿರ ಕಾಳು ಎಣಿಸಿ ತೂಗುತ್ತೇನೆ. ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ನೋಡುತ್ತೇನೆ, ಮೂರು ಸಲ. ಸಾವಿರ ಕಾಳು 25 ಗ್ರಾಂ, ಮೊಳಕೆ ಶೇ. 85, ಮೊಳೆತದ್ದರಲ್ಲಿ ಇರುವೆ, ನವಿಲು, ಜಡಿಮಳೆ ಕಳೆದು ಉಳಿಯುವುದು ಶೇ. 75 ಎಂದುಕೊಳ್ಳಿ. ಚದರ ಮೀಟರಿಗೆ 150 ಸಸಿ ಬೇಕಿದ್ದರೆ ಸುಮಾರು 235 ಕಾಳು, ಅಂದರೆ 5.9 ಗ್ರಾಂ, ಎಕರೆಗೆ 24 ಕಿಲೋ. ಸಾವಿರಕ್ಕೆ 18 ಗ್ರಾಂ ತೂಗುವ ಸಣ್ಣಕ್ಕಿ ತಳಿಯಾದರೆ 17 ಕಿಲೋ ಸಾಕು.

ಹೋಲಿಸಿ ನೋಡಲು 100, 150, 250 ಸಸಿಯ ಮೂರು ಅಳತೆ ಇಟ್ಟೆ. ಇಳಿಜಾರನ್ನು ಮೇಲು, ನಡು, ಕೆಳಗು ಎಂದು ಮೂರು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಪ್ರತಿ ತಳಿಗೆ ಮೂರೂ ಅಳತೆ ಬರುವಂತೆ ಚೀಟಿ ಎತ್ತಿ ಮಡಿ ಹಂಚಿದೆ. ಇಲ್ಲದಿದ್ದರೆ ಕೆಳಗಿನ ತೇವದ ಗುಣವನ್ನು ಬೀಜದ ಗುಣವೆಂದು ತಿಳಿದು ಮೋಸಹೋಗುತ್ತೇವೆ. ಮಡಿ 5 ಮೀಟರ್ ಉದ್ದ, 3 ಮೀಟರ್ ಅಗಲ. ಇಳಿಜಾರಿಗೆ ಅಡ್ಡಲಾಗಿ 20 ಸೆಂ.ಮೀ. ಅಂತರದಲ್ಲಿ 15 ಸಾಲು. 150ರ ಅಳತೆಗೆ ಸಾಲೊಂದಕ್ಕೆ 6 ಗ್ರಾಂ ಬೀಜ ಮೊದಲೇ ಪೊಟ್ಟಣ ಕಟ್ಟಿಟ್ಟರೆ ಕೈ ತಪ್ಪುವುದಿಲ್ಲ. ಆಳ 3-4 ಸೆಂ.ಮೀ.; ಮೇಲೆಯೇ ಬಿದ್ದದ್ದು ಹಕ್ಕಿ ಪಾಲು.

ಹದಿನೈದನೇ ದಿನ ಅರ್ಧ ಮೀಟರ್ ಚೌಕದ ಬಿದಿರು ಚೌಕಟ್ಟು ಇಟ್ಟು ಎಣಿಸಬೇಕು. 150ರ ಮಡಿಯಲ್ಲಿ ಒಳಗೆ 37-38 ಸಸಿ ಸಿಗಬೇಕು. ಸಿಗದಿದ್ದರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ತೆಳುವಾಗಿ ಬಿತ್ತಿದಲ್ಲಿ ಗಿಡ ತೆಂಡೆ (ಬುಡದಿಂದ ಏಳುವ ಕವಲು) ಹೊಡೆದು ಜಾಗ ತುಂಬಿಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಕಳೆ ಮುಂದೆ ಓಡಿರುತ್ತದೆ. ತಡವಾಗಿ ಬಂದ ತೆಂಡೆಯ ಕದಿರು ಹಸಿರಾಗಿರುವಾಗಲೇ ಮೊದಲಿನದು ಉದುರತೊಡಗುತ್ತದೆ. ದಟ್ಟವಾಗಿ ಬಿತ್ತಿದಲ್ಲಿ ಕಳೆ ಕಡಿಮೆ, ಅದು ನಿಜ. ಆದರೆ ಬಿಸಿಲಿಗೆ ಮೊದಲು ಎಲೆ ಸುತ್ತುವುದೂ ಅಲ್ಲೇ, ಎಲೆ ಸುಟ್ಟಂತೆ ಮಾಡುವ ಬೆಂಕಿ ರೋಗ ಹಬ್ಬುವುದೂ ಅಲ್ಲೇ. ಕದಿರಿನ ಸಂಖ್ಯೆ ಹೆಚ್ಚಿದರೂ ಒಂದೊಂದರ ಕಾಳು ಕಡಿಮೆ. ಎತ್ತರದ ನಾಡತಳಿಯಾದರೆ ಕಾಂಡ ಸಪೂರವಾಗಿ ಸೆಪ್ಟೆಂಬರ್ ಗಾಳಿಗೆ ಮಲಗಿಬಿಡುತ್ತದೆ.

ತಳಿ ಆರಿಸುವಾಗ ನಾನು ನೋಡುವುದು ಹೂ ಬರುವ ದಿನ. ಜೂನ್ 10ಕ್ಕೆ ಬಿತ್ತಿದರೆ 130 ದಿನದ ಜಯಾ ಹೂ ಬಿಡುವುದು ಸೆಪ್ಟೆಂಬರ್ ನಡುವಿನ ನಂತರ. ಹಾಲು ತುಂಬುವ ಹೊತ್ತಿಗೆ ಮಳೆ ಹಿಂದೆ ಸರಿಯುತ್ತಿರುತ್ತದೆ, ಕಾಳು ಜೊಳ್ಳು. ತಗ್ಗಿನ ಬಯಲು ಗದ್ದೆಗೆ ಅದು ಸರಿ, ಮೊರೊಡ್‌ಗೆ ಬೇಡ. 115 ದಿನದ ಆಸುಪಾಸಿನ ಕೆಂಪಕ್ಕಿ ಜ್ಯೋತಿಗೆ 150 ಸಸಿ ನನಗೆ ಹೊಂದಿದ ಅಳತೆ. 105 ದಿನದ ಸಹಭಾಗಿ ಧಾನ್‌ಗೆ ತೆಂಡೆ ಹೊಡೆಯಲು ಪುರುಸೊತ್ತು ಕಡಿಮೆ, 200ರವರೆಗೆ ಏರಿಸುತ್ತೇನೆ. ಅದರ ತೊಡಕೆಂದರೆ ಕೊಯ್ಲು ಇನ್ನೂ ಮಳೆ ಇರುವ ಸೆಪ್ಟೆಂಬರಿನಲ್ಲೇ. ಒಣಗಿಸಲು ಮಾಡು ಇಲ್ಲದವರು ಅದರ ಗೊಡವೆಗೆ ಹೋಗಬಾರದು.

ಯೂರಿಯಾ ಬಿತ್ತನೆಯ ದಿನ ಹಾಕಿದರೆ ಮಳೆಗೆ ಕೊಚ್ಚಿಹೋಗುತ್ತದೆ. 20ನೇ ದಿನ ಕಳೆ ಕಿತ್ತ ಮೇಲೆ, 40ರ ಹೊತ್ತಿಗೆ, ಹೊಡೆ (ಕಾಂಡದೊಳಗೆ ಕದಿರು ಉಬ್ಬುವುದು) ಬರುವ ಮುಂಚೆ, ಹೀಗೆ ಮೂರು ಕಂತು. ಎಲ್ಲ ಮಡಿಗಳ ಕಳೆಯನ್ನೂ ಒಂದೇ ದಿನ ಕೀಳಬೇಕು. ಕೊಯ್ಯುವಾಗ ಅಂಚಿನ ಎರಡೆರಡು ಸಾಲು ಬಿಟ್ಟು ನಡುವಿನ ಒಂದು ಚದರ ಮೀಟರ್ ಮಾತ್ರ ತೂಗಿ. ಅಂಚಿನ ಗಿಡಕ್ಕೆ ಬೆಳಕೂ ಗೊಬ್ಬರವೂ ಹೆಚ್ಚು. ತೇವ ಅಳೆಯುವ ಯಂತ್ರ ಇಲ್ಲದಿದ್ದರೆ ಎಲ್ಲ ಮಡಿಯ ಭತ್ತವನ್ನೂ ಒಂದೇ ತಾಡಪಾಲಿನ ಮೇಲೆ, ಬೇರೆ ಬೇರೆ ಚೀಲದ ತುಂಡಿನಲ್ಲಿ, ಒಂದೇ ಬಿಸಿಲಿಗೆ ಹರಡಿ, ಒಂದೇ ಹೊತ್ತಿಗೆ ಬೇರೆ ಬೇರೆಯಾಗಿ ತೂಗಿ.