ಹಾಟ್ ಟಬ್ ಮುಚ್ಚಳ: ಮೊದಲು ಅಳತೆ, ಆಮೇಲೆ ಬೆಲೆ

ಹಾಟ್ ಟಬ್ ಅಂದರೆ ಬಿಸಿನೀರಲ್ಲಿ ಕೂರುವ ದೊಡ್ಡ ತೊಟ್ಟಿ. ಅದರ ಬಿಸಿ ಹೆಚ್ಚಾಗಿ ಹೋಗುವುದು ನೀರಿನ ಮೇಲ್ಮೈಯಿಂದ. ಕರೆಂಟ್ ಬಿಲ್ ಇಳಿಯಬೇಕಾದರೆ ಮುಚ್ಚಳ ಸರಿಯಾಗಿ ಕೂರಬೇಕು.

ಹಳೆಯ ಮುಚ್ಚಳವನ್ನು ಅಳೆಯಬೇಡಿ, ಅದರ ಆಕಾರ ಕೆಟ್ಟಿರುತ್ತದೆ. ಟಬ್‌ನ ಅಂಚನ್ನೇ ಹೊರಗಿನಿಂದ ಹೊರಗೆ ಅಳೆಯಿರಿ. ಎಲ್ಲರೂ ಎಡವುವುದು ಮೂಲೆಯಲ್ಲಿ. ಎರಡು ನೇರ ಪಟ್ಟಿಗಳನ್ನು ಎರಡು ಬದಿಗೆ ಒತ್ತಿ ಹಿಡಿಯಿರಿ. ಅವು ಕೂಡುವ ಬಿಂದುವಿನಿಂದ ಟಬ್ ಬಾಗಲು ಶುರುವಾಗುವ ಜಾಗದವರೆಗಿನ ಅಳತೆಯೇ ಮೂಲೆಯ ತ್ರಿಜ್ಯ. ನಾಲ್ಕೂ ಮೂಲೆ ಅಳೆಯಿರಿ, ಎಲ್ಲವೂ ಒಂದೇ ಇರಬೇಕೆಂದಿಲ್ಲ.

ಮುಚ್ಚಳದೊಳಗಿನ ಫೋಮ್‌ನ ದಪ್ಪ ನಡುಭಾಗದಲ್ಲಿ 5 ಇಂಚು, ಅಂಚಿನಲ್ಲಿ 3 ಇಂಚು ಇರಲಿ. ಈ ಇಳಿಜಾರಿಲ್ಲದಿದ್ದರೆ ಮಳೆನೀರು ನಿಂತು ಮುಚ್ಚಳ ಜಗ್ಗುತ್ತದೆ. ಹಿಮ ಬೀಳುವ ಊರಾದರೆ ಘನ ಅಡಿಗೆ 2 ಪೌಂಡ್ ಸಾಂದ್ರತೆಯದ್ದನ್ನೇ ಕೇಳಿ. ಫೋಮ್‌ಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಹರಿದರೆ ಹಬೆ ಒಳಹೊಕ್ಕು ಫೋಮ್ ನೀರು ಕುಡಿಯುತ್ತದೆ, ಒಬ್ಬರಿಂದ ಎತ್ತಲಾಗದಷ್ಟು ಭಾರವಾಗುತ್ತದೆ. ಅಂಥದ್ದನ್ನು ಒಣಗಿಸಿ ಉಳಿಸಲು ಹೋಗಬೇಡಿ, ಬದಲಿಸಿ. ಮಡಚುವ ಸಂದಿನ ಉದ್ದಕ್ಕೂ ಫೋಮ್ ಪಟ್ಟಿ ಇದೆಯೇ ನೋಡಿ. ಚಳಿಗಾಲದಲ್ಲಿ ಹಬೆ ಏಳುವುದು ಅಲ್ಲಿಂದಲೇ.

ಮಕ್ಕಳಿರುವ ಮನೆಗೆ ಬೀಗದ ಪಟ್ಟಿ ಬೇಕೇ ಬೇಕು. ಅಮೆರಿಕದಲ್ಲಿ ಕೊಳ್ಳುವವರು ಎಎಸ್‌ಟಿಎಂ ಎಫ್1346 ಗುರುತು ಹುಡುಕಿ, ಅದು ಮುಚ್ಚಳಗಳ ಸುರಕ್ಷತಾ ಮಾನದಂಡ.

ಕ್ಲೋರಿನ್ ಶಾಕ್ (ನೀರು ಶುದ್ಧವಾಗಲು ಒಮ್ಮೆಗೇ ಹಾಕುವ ಹೆಚ್ಚಿನ ಕ್ಲೋರಿನ್) ಹಾಕಿದ ಮೇಲೆ ಟಬ್ ಅನ್ನು ಅರ್ಧ ಗಂಟೆ ತೆರೆದಿಡಿ, ಇಲ್ಲವಾದರೆ ಕ್ಲೋರಿನ್ ಹಬೆ ಮುಚ್ಚಳದ ಒಳಮೈಯನ್ನು ತಿನ್ನುತ್ತದೆ.