ಗುದ್ದಲಿ ಹಾಕುವ ಮೊದಲು: ನೆಲದಡಿಯ ಪೈಪು, ಕೇಬಲ್‌ಗಳನ್ನು ಗುರುತಿಸುವುದು ಹೇಗೆ?

ಮನೆ ಮುಂದೆ ಸಂಪು ತೋಡಿಸಲು, ಒಳಚರಂಡಿಯ ಹೊಸ ಸಂಪರ್ಕ ಪಡೆಯಲು ಅಥವಾ ಗೇಟಿಗೆ ಹೊಸ ಕಂಬ ನಿಲ್ಲಿಸಲು ಹೊರಟವರು ಮೊದಲು ವಿಚಾರಿಸುವುದು ಜೆಸಿಬಿಯ ಗಂಟೆ ಬಾಡಿಗೆಯನ್ನು. ಆ ಬಕೆಟ್ ಇಳಿಯುವ ಜಾಗದಲ್ಲಿ ಏನೇನಿದೆ ಎಂಬ ಪ್ರಶ್ನೆ ಬರುವುದು ನೀರು ಚಿಮ್ಮಿದ ಮೇಲೆ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಕಾಂಪೌಂಡ್ ಗೋಡೆಗೂ ರಸ್ತೆಯ ಡಾಂಬರಿಗೂ ನಡುವಿನ ಐದಾರು ಅಡಿಯಲ್ಲೇ ಕಾವೇರಿ ನೀರಿನ ಪೈಪು, ಯುಜಿಡಿ (ಒಳಚರಂಡಿ) ಕೊಳವೆ, ಬೆಸ್ಕಾಂ ಕೇಬಲ್, ಎರಡು ಮೂರು ಕಂಪನಿಗಳ ಒಎಫ್‌ಸಿ (ಫೋನ್, ಇಂಟರ್ನೆಟ್‌ಗಾಗಿ ಎಳೆದ ಆಪ್ಟಿಕಲ್ ಫೈಬರ್ ಕೇಬಲ್) ಮತ್ತು ಈಚೆಗೆ ಅಡುಗೆ ಅನಿಲದ ಹಳದಿ ಕೊಳವೆ ಒಟ್ಟಿಗೆ ಇರಬಹುದು. ಇವು ಎಲ್ಲಿವೆ ಎಂದು ಅಗೆಯುವ ಮೊದಲೇ ಪತ್ತೆ ಮಾಡುವುದಕ್ಕೆ ಒಂದು ಕ್ರಮವಿದೆ: ಮೊದಲು ಕಾಗದ, ಆಮೇಲೆ ಕಣ್ಣು, ಆಮೇಲೆ ಯಂತ್ರ, ಕೊನೆಗೆ ಕೈ. ಯಾವ ಹಂತವನ್ನೂ ಹಾರಿಸುವಂತಿಲ್ಲ, ಏಕೆಂದರೆ ಒಂದರ ಕಣ್ತಪ್ಪಿದ್ದು ಇನ್ನೊಂದಕ್ಕೆ ಸಿಗುತ್ತದೆ.

ಕಾಗದದಿಂದ ಆರಂಭ

ಸಾರ್ವಜನಿಕ ರಸ್ತೆಯನ್ನು ಅಗೆಯಲು ಸ್ಥಳೀಯ ಸಂಸ್ಥೆಯ ರಸ್ತೆ ಅಗೆತದ ಅನುಮತಿ ಬೇಕು. ಅದರ ಜೊತೆಗೆ, 2023ರ ಜನವರಿಯಲ್ಲಿ ಅಧಿಸೂಚನೆಯಾದ ಕೇಂದ್ರ ಸರ್ಕಾರದ ಟೆಲಿಗ್ರಾಫ್ ಮೂಲಸೌಕರ್ಯ ಸುರಕ್ಷತಾ ನಿಯಮಗಳು, ನೆಲ ಅಗೆಯುವ ಹಕ್ಕು ಪಡೆದವರು ದೂರಸಂಪರ್ಕ ಜಾಲಕ್ಕೆ ಹಾನಿಯಾಗುವ ಸಂಭವವಿರುವ ಕಡೆ ಕೆಲಸ ಶುರುಮಾಡುವ ಮುನ್ನ ಏಕೀಕೃತ ಪೋರ್ಟಲ್ ಮೂಲಕ ಸೂಚನೆ ಕೊಡಬೇಕೆಂದು ವಿಧಿಸಿದವು. ಇದಕ್ಕಾಗಿಯೇ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ 2023ರ ಮಾರ್ಚ್ 22ರಂದು ಬಿಡುಗಡೆಯಾಯಿತು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಒಎಫ್‌ಸಿ ತುಂಡಾಗುತ್ತದೆ, ಅದರಿಂದ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತದೆ ಎಂಬುದು ಆಗ ಸರ್ಕಾರವೇ ಕೊಟ್ಟ ಲೆಕ್ಕ. ಆ್ಯಪ್‌ನಲ್ಲಿ ಅಗೆಯುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸಿ, ಉದ್ದೇಶ ಮತ್ತು ದಿನಾಂಕ ತುಂಬಿದರೆ ಅಲ್ಲಿ ಆಸ್ತಿ ನೋಂದಾಯಿಸಿರುವ ಸಂಸ್ಥೆಗಳಿಗೆ ಸಂದೇಶ ಹೋಗುತ್ತದೆ. ಅವರನ್ನು ಸಂಪರ್ಕಿಸುವ ದಾರಿ ನಿಮಗೂ ಸಿಗುತ್ತದೆ. ನೋಂದಾಯಿಸದ ಆಸ್ತಿಯ ಸುಳಿವು ಅದರಲ್ಲಿ ಸಿಗದು. ಹಾಗಾಗಿ ಆ್ಯಪ್ ಸುಮ್ಮನಿದ್ದರೆ ನೆಲದಡಿ ಏನೂ ಇಲ್ಲವೆಂದು ತಿಳಿಯಬಾರದು.

ಆದ್ದರಿಂದ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿ, ಜಲಮಂಡಳಿ ಅಥವಾ ನಗರಸಭೆಯ ನೀರು ಸರಬರಾಜು ವಿಭಾಗ ಮತ್ತು ಅನಿಲ ಕಂಪನಿಗೆ ಖುದ್ದಾಗಿ ಹೋಗಿ ನಕ್ಷೆ ಕೇಳಬೇಕು. ಸಿಕ್ಕ ನಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಗೆರೆಗಳನ್ನಲ್ಲ, ಮೂಲೆಯಲ್ಲಿರುವ ದಿನಾಂಕವನ್ನು. ರಸ್ತೆ ಅಗಲವಾಗುವ ಮುಂಚಿನ ನಕ್ಷೆಯಲ್ಲಿ ‘ರಸ್ತೆಯ ಅಂಚಿನಿಂದ 1.5 ಮೀಟರ್’ ಎಂದು ಬರೆದಿದ್ದರೆ, ಆ ಅಂಚು ಈಗ ರಸ್ತೆಯ ನಡುವಿನಲ್ಲಿ ಇರಬಹುದು. ಹಳೆಯ ಲೈನ್‌ಮನ್ ಮತ್ತು ಊರಿನ ನೀರುಗಂಟಿಯನ್ನು ಹತ್ತು ನಿಮಿಷ ಜಾಗದಲ್ಲಿ ನಿಲ್ಲಿಸಿಕೊಂಡು ಮಾತನಾಡಿಸಿದರೆ ಯಾವ ನಕ್ಷೆಯಲ್ಲೂ ಇಲ್ಲದ ತಿರುವುಗಳು ಗೊತ್ತಾಗುತ್ತವೆ ಎಂಬುದು ನನ್ನ ಅನುಭವ.

ನೆಲದ ಮೇಲಿನ ಗುರುತು

ಎರಡನೆಯ ಹಂತಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಅಗೆಯುವ ಜಾಗದ ಸುತ್ತ ನಾಲ್ಕೂ ದಿಕ್ಕಿಗೆ ಕನಿಷ್ಠ ಮೂವತ್ತು ಹೆಜ್ಜೆ ನಡೆದು ನೋಡಿ. ವಿದ್ಯುತ್ ಕಂಬದಿಂದ ಕಬ್ಬಿಣದ ಪೈಪಿನೊಳಗೆ ಕೇಬಲ್ ಕೆಳಗಿಳಿದಿದ್ದರೆ ಅದು ಎಲ್ಲೋ ಮೇಲೇಳಲೇಬೇಕು. ಎದುರಿನ ಫೀಡರ್ ಪಿಲ್ಲರ್ (ಕೇಬಲ್‌ಗಳು ಬಂದು ಸೇರುವ ರಸ್ತೆಬದಿಯ ಪೆಟ್ಟಿಗೆ) ಅಥವಾ ಟ್ರಾನ್ಸ್‌ಫಾರ್ಮರ್ ಕಟ್ಟೆಯನ್ನು ಹುಡುಕಿ. ವಾಲ್ವ್ ಮುಚ್ಚಳ, ಮೀಟರ್ ಪೆಟ್ಟಿಗೆ, ಒಎಫ್‌ಸಿಯ ಸಣ್ಣ ಚೇಂಬರ್, ಅನಿಲ ಕಂಪನಿಯ ಹಳದಿ ಗುರುತುಕಲ್ಲು ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಡಾಂಬರಿನ ಮೇಲೆ ಅಡ್ಡಲಾಗಿ ಸಾಗಿದ ತೇಪೆಯೂ ಸುಳಿವೇ. ಅಗೆದು ಮುಚ್ಚಿದ ಮಣ್ಣು ಮಳೆಗಾಲದಲ್ಲಿ ಕುಸಿದು, ಒಂದು ಗೇಣು ಅಗಲದ ಉದ್ದನೆಯ ತಗ್ಗಾಗಿ ಕಾಣುತ್ತದೆ. ಮಳೆ ನಿಂತ ಮಾರನೆಯ ಬೆಳಿಗ್ಗೆ ಹೋದರೆ ಆ ತಗ್ಗಿನಲ್ಲಿ ನಿಂತ ನೀರೇ ಗೆರೆ ಎಳೆದು ತೋರಿಸುತ್ತದೆ.

ಒಳಚರಂಡಿ ಕೊಳವೆಯನ್ನು ಕಂಡುಹಿಡಿಯುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಅದು ಇಳಿಜಾರಿನ ಬಲದಿಂದಲೇ ಹರಿಯಬೇಕಾದ್ದರಿಂದ ಒಂದು ಮ್ಯಾನ್‌ಹೋಲ್‌ನಿಂದ ಇನ್ನೊಂದಕ್ಕೆ ನೇರವಾಗಿ, ಒಂದೇ ಸಮನಾದ ಇಳಿಜಾರಿನಲ್ಲಿ ಸಾಗುತ್ತದೆ. ಸಂಬಂಧಪಟ್ಟ ಸಿಬ್ಬಂದಿಯಿಂದ ಎರಡೂ ಮುಚ್ಚಳ ತೆಗೆಸಿ, ಮೇಲಿನಿಂದಲೇ ಅಳತೆಕೋಲು ಇಳಿಸಿ ಕೊಳವೆಯ ತಳದ ಆಳ ನೋಡಿ. ವಿಷಾನಿಲ ಇರುವುದರಿಂದ ಮ್ಯಾನ್‌ಹೋಲ್‌ಗೆ ಯಾರೂ ಇಳಿಯಬಾರದು, ತಲೆಯನ್ನೂ ಒಳಗೆ ಬಗ್ಗಿಸಬಾರದು. ಮೇಲಿನ ಮ್ಯಾನ್‌ಹೋಲ್‌ನಲ್ಲಿ 1.20 ಮೀಟರ್, 30 ಮೀಟರ್ ದೂರದ ಕೆಳಗಿನದರಲ್ಲಿ 1.50 ಮೀಟರ್ ಎಂದುಕೊಳ್ಳೋಣ. ರಸ್ತೆ ಸಮತಟ್ಟಾಗಿದ್ದರೆ ಮೇಲಿನಿಂದ 10 ಮೀಟರ್ ದೂರದಲ್ಲಿ ತಳವು 1.30 ಮೀಟರ್ ಆಳದಲ್ಲಿ ಇರುತ್ತದೆ. ಬಕೆಟ್ಟಿಗೆ ಮೊದಲು ತಗಲುವುದು ತಳವಲ್ಲ, ನೆತ್ತಿ. ಕೊಳವೆ 15 ಸೆಂ.ಮೀ. ಒಳವ್ಯಾಸದ್ದಾದರೆ ಅದರ ದಪ್ಪವನ್ನೂ ಕಳೆದು, ಸುಮಾರು 1.13 ಮೀಟರ್‌ನಲ್ಲೇ ಅದು ಎದುರಾಗುತ್ತದೆ.

ಉಳಿದವುಗಳ ಆಳಕ್ಕೂ ಒಂದು ಅಂದಾಜಿದೆ. ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಮನೆಗಳಿಗೆ ಬರುವ ಕಡಿಮೆ ವೋಲ್ಟೇಜ್ ಕೇಬಲ್ 0.75 ಮೀ., 11 ಕಿಲೋವೋಲ್ಟ್ ಕೇಬಲ್ 0.9 ಮೀ., 33 ಕಿಲೋವೋಲ್ಟ್‌ನದು 1.05 ಮೀ. ಆಳದಲ್ಲಿರಬೇಕು. ಅನಿಲದ ಪಾಲಿಥೀನ್ ಕೊಳವೆಯ ಮೇಲೆ ಸಾಮಾನ್ಯವಾಗಿ ಒಂದು ಮೀಟರ್ ಮಣ್ಣಿರುತ್ತದೆ. ಇವು ಹೂಳಿದ ದಿನದ ಆಳಗಳು. ಆಮೇಲೆ ರಸ್ತೆ ಏರಿರಬಹುದು, ಪಾದಚಾರಿ ಮಾರ್ಗಕ್ಕಾಗಿ ಮಣ್ಣು ಕೆರೆದು ಇಳಿಸಿರಬಹುದು. ಮನೆಯ ನಲ್ಲಿ ಸಂಪರ್ಕದ ಪೈಪಂತೂ ಎರಡಡಿ ಆಳದಲ್ಲಿದ್ದರೆ ಅದೃಷ್ಟ.

ಯಂತ್ರ ಹೇಳುವುದು, ಹೇಳದಿರುವುದು

ಕೇಬಲ್ ಲೊಕೇಟರ್ ಎಂಬ ಉಪಕರಣ ಬಾಡಿಗೆಗೂ ಸಿಗುತ್ತದೆ, ಅದನ್ನು ಬಳಸಬಲ್ಲ ತಂತ್ರಜ್ಞರೂ ಸಿಗುತ್ತಾರೆ. ಕೇಬಲ್‌ನಲ್ಲಿ ಹರಿಯುವ 50 ಹರ್ಟ್ಸ್ ವಿದ್ಯುತ್ತು ಸುತ್ತಲೂ ಉಂಟುಮಾಡುವ ಕಾಂತಕ್ಷೇತ್ರವನ್ನು ಅದು ಹಿಡಿದು ಸದ್ದಾಗಿ ಕೇಳಿಸುತ್ತದೆ. ಇದು ‘ಪವರ್’ ವಿಧಾನ. ದೂರದ ರೇಡಿಯೋ ಅಲೆಗಳು ಲೋಹದ ಪೈಪು, ಕೇಬಲ್‌ಗಳ ಮೂಲಕ ಹರಿಯುವುದನ್ನು ಹಿಡಿಯುವುದು ‘ರೇಡಿಯೋ’ ವಿಧಾನ. ಮೂರನೆಯದರಲ್ಲಿ ಟ್ರಾನ್ಸ್‌ಮಿಟರ್ ಪೆಟ್ಟಿಗೆಯಿಂದ ನಾವೇ ಲೋಹದ ಪೈಪಿಗೆ ಅಥವಾ ಕೇಬಲ್‌ಗೆ 8 ಅಥವಾ 33 ಕಿಲೋಹರ್ಟ್ಸ್‌ನ ಸಂಕೇತ ಕಳಿಸಿ ಅದರ ಜಾಡು ಹಿಡಿಯುತ್ತೇವೆ. ಉಪಕರಣವನ್ನು ನೆಟ್ಟಗೆ, ನೆಲಕ್ಕೆ ಹತ್ತಿರವಾಗಿ ಹಿಡಿದು, ಅತ್ತಿತ್ತ ಬೀಸದೆ, ಉದ್ದಕ್ಕೂ ಅಡ್ಡಕ್ಕೂ ಚೌಕಳಿಯಂತೆ ನಡೆಯಬೇಕು. ಸದ್ದು ಅತಿ ಜೋರಾದ ಬಿಂದುವಿನಲ್ಲಿ ಗುರುತು ಹಾಕಬೇಕು. ಆಳ ತೋರಿಸಿದಾಗ ಉಪಕರಣವನ್ನು ಅರ್ಧ ಮೀಟರ್ ಮೇಲಕ್ಕೆತ್ತಿ ಮತ್ತೆ ಅಳೆಯಿರಿ. ಆಳವೂ ಅರ್ಧ ಮೀಟರ್ ಹೆಚ್ಚದಿದ್ದರೆ ಪಕ್ಕದ ಇನ್ನೊಂದು ಲೈನ್ ಸಂಕೇತವನ್ನು ಕೆಡಿಸುತ್ತಿದೆ ಎಂದರ್ಥ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಬಡಾವಣೆಯಲ್ಲಿ ಮಟಮಟ ಮಧ್ಯಾಹ್ನ ಪವರ್ ವಿಧಾನವೊಂದರಲ್ಲೇ ಜಾಗವನ್ನೆಲ್ಲ ನಡೆದು, ಏನೂ ಸದ್ದಿಲ್ಲವೆಂದು ಅಗೆಯಲು ಹೇಳಿದೆ. ಅರ್ಧ ಗಂಟೆಯೊಳಗೆ ಹಾರೆಯ ತುದಿ ಕಪ್ಪು ಕೇಬಲ್ ಒಂದನ್ನು ಸೀಳಿತ್ತು. ಅದು ಬೀದಿದೀಪದ ಕೇಬಲ್. ಹಗಲಿನಲ್ಲಿ ಸ್ವಿಚ್ ಆಫ್ ಆಗಿದ್ದ ಅದರಲ್ಲಿ ಕರೆಂಟೇ ಇರಲಿಲ್ಲ, ಹಾಗಾಗಿ ಉಪಕರಣಕ್ಕೂ ಕೇಳಿಸಲಿಲ್ಲ. ಅದೇ ಕೆಲಸ ಸಂಜೆ ಏಳಕ್ಕೆ ನಡೆದಿದ್ದರೆ ಹಾರೆ ಹಿಡಿದವನ ಗತಿ ಏನಾಗುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ. ಲೋಡ್ ಇಲ್ಲದ ಕೇಬಲ್ ಮಾತ್ರವಲ್ಲ, ಮೂರೂ ಫೇಸ್‌ಗಳಲ್ಲಿ ಲೋಡ್ ಸರಿಸಮವಾಗಿರುವ ಕೇಬಲ್‌ನ ಸದ್ದೂ ಬಹಳ ಕ್ಷೀಣ. ಆದ್ದರಿಂದ ಮೂರೂ ವಿಧಾನದಲ್ಲಿ ನಡೆಯದೆ ಜಾಗ ಖಾಲಿ ಎನ್ನಬಾರದು.

ಪ್ಲಾಸ್ಟಿಕ್ ಕೊಳವೆಯ ವಿಷಯದಲ್ಲಿ ಲೊಕೇಟರ್ ಪೂರ್ತಿ ಮೂಕ. ಪಕ್ಕದಲ್ಲಿ ತಾಮ್ರದ ಎಳೆ ಹೂತಿದ್ದರೆ ಅದರ ಮೂಲಕ ಸಂಕೇತ ಕಳಿಸಬಹುದು, ಇಲ್ಲದಿದ್ದರೆ ಭೂಭೇದಕ ರೇಡಾರ್ ತರಿಸಬೇಕು. ಮಗುವಿನ ತಳ್ಳುಗಾಡಿಯಂಥ ಈ ಯಂತ್ರ ನೆಲದೊಳಕ್ಕೆ ರೇಡಿಯೋ ಅಲೆ ಬಿಟ್ಟು ಮರಳಿ ಬಂದದ್ದನ್ನು ಪರದೆಯಲ್ಲಿ ತೋರಿಸುತ್ತದೆ. ಕೊಳವೆಯನ್ನು ಅಡ್ಡ ಹಾಯ್ದಾಗ ಬೋರಲು ಹಾಕಿದ ಬಾಣಲೆಯಂಥ ಕಮಾನು ಮೂಡುತ್ತದೆ. ಒಣ ಮರಳುಮಣ್ಣಿನಲ್ಲಿ ಚೆನ್ನಾಗಿ ಕಾಣುವ ಈ ಕಮಾನು, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ನೆನೆದಿರುವಾಗ ಕಾಣುವುದೇ ಕಷ್ಟ, ಏಕೆಂದರೆ ಒದ್ದೆ ಜೇಡಿ ಆ ಅಲೆಗಳನ್ನು ನುಂಗಿಬಿಡುತ್ತದೆ. ಅಲ್ಲಿ ರೇಡಾರ್‌ಗೆ ಹಣ ಕೊಡುವುದಿದ್ದರೆ ಬೇಸಿಗೆಯಲ್ಲೇ ಕೊಡುವುದು ಲೇಸು.

ಸಿಕ್ಕ ಗುರುತುಗಳನ್ನು ಪೇಂಟಿನಲ್ಲಿ ಬರೆಯಿರಿ. ಸುಣ್ಣದ ಪುಡಿ ಒಂದು ಮಳೆಗೆ ಮುಗಿಯಿತು. ಗೆರೆಯ ಪಕ್ಕದಲ್ಲಿ ‘ಕೇಬಲ್’, ‘ನೀರು’, ‘ಗ್ಯಾಸ್’ ಎಂದು ಕನ್ನಡದಲ್ಲೇ ಬರೆಯಿರಿ, ಕೂಲಿಯವರು ಬೇರೆ ಭಾಷೆಯವರಾದರೆ ಅವರ ಭಾಷೆಯಲ್ಲೂ ಬರೆಸಿ. ಅಮೆರಿಕದಲ್ಲಿ ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು, ದೂರಸಂಪರ್ಕಕ್ಕೆ ಕಿತ್ತಳೆ ಬಣ್ಣ ಬಳಸುತ್ತಾರೆ. ಅಲ್ಲಿ ನೆಲೆಸಿರುವ ನಮ್ಮವರು ಹಿತ್ತಿಲಲ್ಲಿ ಬೇಲಿ ಕಂಬ ನೆಡುವುದಕ್ಕೂ ಮೊದಲು 811ಕ್ಕೆ ಕರೆಮಾಡಿದರೆ ಈ ಬಣ್ಣಗಳಲ್ಲಿ ಗುರುತು ಹಾಕಿಕೊಡುತ್ತಾರೆ. ನಾವೂ ಆ ಬಣ್ಣಗಳನ್ನೇ ಬಳಸಿದರೆ ತಪ್ಪಿಲ್ಲ.

ಪರೀಕ್ಷಾ ಗುಂಡಿ

ಯಂತ್ರದ ಗುರುತು ಅಂದಾಜು ಮಾತ್ರ. ಲೈನನ್ನು ಕಣ್ಣಾರೆ ಕಾಣುವವರೆಗೆ ಗುರುತಿನ ಎರಡೂ ಬದಿಗೆ ಕನಿಷ್ಠ ಅರ್ಧ ಮೀಟರ್ ಒಳಗೆ ಜೆಸಿಬಿಯನ್ನೂ ಬ್ರೇಕರ್ ಯಂತ್ರವನ್ನೂ ಬಿಡಬಾರದು. ಗುರುತಿಗೆ ಅಡ್ಡಲಾಗಿ, ಎರಡಡಿ ಅಗಲದ ಕಿರು ಕಾಲುವೆಯನ್ನು ಕೈಯಿಂದ ತೋಡಬೇಕು. ಮೇಲಿನ ಡಾಂಬರು, ಕಾಂಕ್ರೀಟ್ ಒಡೆದ ಮೇಲೆ ಹಾರೆ, ಪಿಕಾಸಿಗಳನ್ನು ಆಚೆಗಿಟ್ಟು, ಮರದ ಹಿಡಿಯ ಸಲಿಕೆಯಿಂದ ಮಣ್ಣನ್ನು ಪದರ ಪದರವಾಗಿ ಕೆರೆಯಬೇಕು. ಮೇಲಿನಿಂದ ಕುಕ್ಕುವುದಕ್ಕಿಂತ ಪಕ್ಕದಿಂದ ಸಮೀಪಿಸುವುದು ಕ್ಷೇಮ.

ಮಣ್ಣು ಬದಲಾಗುವುದನ್ನು ಗಮನಿಸುವುದೇ ಇಲ್ಲಿನ ವಿದ್ಯೆ. ಗಟ್ಟಿಯಾಗಿದ್ದ ಕೆಮ್ಮಣ್ಣು ಇದ್ದಕ್ಕಿದ್ದಂತೆ ಸಡಿಲಾಗಿ, ಅದರಲ್ಲಿ ಡಾಂಬರಿನ ಚೂರು, ಹಳೆಯ ಪ್ಲಾಸ್ಟಿಕ್ ಕವರು ಸಿಕ್ಕಿದರೆ ಯಾರೋ ಮೊದಲೇ ಅಲ್ಲಿ ಅಗೆದಿದ್ದಾರೆ. ಲೈನ್‌ನ ಮೇಲೆ ಎಚ್ಚರಿಕೆಗಾಗಿ ಹಾಸಿದ ಕೆಂಪು ಅಥವಾ ಹಳದಿ ಪ್ಲಾಸ್ಟಿಕ್ ಪಟ್ಟಿ ಕಂಡರೆ ಕೆಲಸ ನಿಲ್ಲಿಸಿ ಮೇಸ್ತ್ರಿಯನ್ನು ಕರೆಯಿರಿ. ಇಟ್ಟಿಗೆಗಳ ಸಾಲು, ಅದರ ಕೆಳಗೆ ಕೈಗೆ ನುಣ್ಣಗೆ ಜಾರುವ ಮರಳು ಸಿಕ್ಕಿತೆಂದರೆ ಮುಂದೆ ಇರುವುದು ಕೇಬಲ್. ಹಳೆಯ ಕೆಲಸಗಳಲ್ಲಿ ಇಟ್ಟಿಗೆಯೂ ಇರುವುದಿಲ್ಲ, ಮರಳೂ ಇರುವುದಿಲ್ಲ. ಸಿಕ್ಕ ಕೇಬಲ್ ತುಕ್ಕು ಹಿಡಿದು ನಿರುಪಯೋಗಿಯಂತೆ ಕಂಡರೂ, ಕಂಪನಿಯವರು ಬಂದು ಪರೀಕ್ಷಿಸಿ ಹೇಳುವವರೆಗೆ ಅದರಲ್ಲಿ ಕರೆಂಟ್ ಇದೆಯೆಂದೇ ನಡೆದುಕೊಳ್ಳಬೇಕು.

ನೆಲ ಅಗೆಯದೆ ಕೊರೆದು ಕೇಬಲ್ ಎಳೆಯುವ ಎಚ್‌ಡಿಡಿ ಕೆಲಸದಲ್ಲಿ ಈ ಗುಂಡಿಗಳು ಇನ್ನೂ ಅಗತ್ಯ. ಕೊರೆಯುವ ತುದಿ ಒಳಚರಂಡಿ ಕೊಳವೆಯನ್ನು ತೂರಿಕೊಂಡು ಹೋದರೂ ಮೇಲಿದ್ದವರಿಗೆ ತಿಳಿಯದು. ತಿಂಗಳುಗಳ ಮೇಲೆ ಯಾರದೋ ಮನೆಯ ಬಚ್ಚಲು ಕಟ್ಟಿಕೊಂಡಾಗ ತಿಳಿಯುತ್ತದೆ. ದಾರಿಗೆ ಅಡ್ಡ ಬರುವ ಪ್ರತಿಯೊಂದು ಲೈನನ್ನೂ ಗುಂಡಿ ತೋಡಿ ತೆರೆದಿಟ್ಟು, ತುದಿ ಅದರ ಮೇಲೋ ಕೆಳಗೋ ದಾಟುವುದನ್ನು ನೋಡಿದ ಮೇಲೆಯೇ ಮುಂದಕ್ಕೆ ಬಿಡಬೇಕು.

ಹಳ್ಳಿಯವರಿಗೂ ಒಂದು ಮಾತು. ದಾಭೋಳ–ಬೆಂಗಳೂರು, ಕೊಚ್ಚಿ–ಮಂಗಳೂರು ಅನಿಲ ಮಾರ್ಗಗಳಂಥ ದೊಡ್ಡ ಕೊಳವೆಗಳು ಹೊಲಗಳ ನಡುವೆ ಸಾಗಿವೆ. ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ 1962ರ ಕಾಯ್ದೆಯಂತೆ ಬಳಕೆಯ ಹಕ್ಕು ಪಡೆದ, ಕೊಳವೆ ಸಾಗುವ ಆ ಜಮೀನಿನ ಪಟ್ಟಿಯಲ್ಲಿ ಉಳುಮೆ ಮಾಡಬಹುದು, ಆದರೆ ಕಟ್ಟಡ, ಬಾವಿ, ಕೆರೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಕೃಷಿ ಹೊಂಡ ತೋಡಿಸುವ ಮುನ್ನ ಗುರುತುಕಲ್ಲಿನ ಮೇಲಿರುವ ಸಂಖ್ಯೆಗೆ ಕರೆಮಾಡಿ.

ಏಟು ಬಿದ್ದರೆ

ವಿದ್ಯುತ್ ಕೇಬಲ್‌ಗೆ ಬಕೆಟ್ ತಗಲಿದರೆ ಚಾಲಕ ಆಸನದಲ್ಲೇ ಕೂರಬೇಕು, ಉಳಿದವರು ದೂರ ಸರಿದು 1912ಕ್ಕೆ ಕರೆಮಾಡಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾಗಿ ಬಂದರೆ ವಾಹನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ಹೊರಕ್ಕೆ ನೆಗೆಯಬೇಕು. ಅನಿಲದ ವಾಸನೆ ಬಂದರೆ ಎಂಜಿನ್ ಆರಿಸಿ, ಬೀಡಿ, ಮೊಬೈಲ್ ಯಾವುದನ್ನೂ ಅಲ್ಲಿ ಬಳಸದೆ ಜನರನ್ನು ದೂರ ಕಳಿಸಿ, ಅಲ್ಲಿಂದ ಅನಿಲ ಕಂಪನಿಗೂ 112ಕ್ಕೂ ಕರೆಮಾಡಬೇಕು. ಸೋರುವ ಕೊಳವೆಯ ಮೇಲೆ ಮಣ್ಣು ಎಳೆಯಲೇಬಾರದು. ಅನಿಲ ಮಣ್ಣಿನಡಿ ಹರಿದು ಚರಂಡಿಯ ಮೂಲಕ ಪಕ್ಕದ ಮನೆ ಸೇರುತ್ತದೆ. ಬೆಂಗಳೂರಿನಲ್ಲಿ ನೀರಿನ ಪೈಪು ಒಡೆದರೆ 1916. ಸಣ್ಣ ಗೀರಾದರೂ ಮುಚ್ಚಿಡದೆ ತಿಳಿಸಬೇಕು, ಏಕೆಂದರೆ ಹೊದಿಕೆ ಹರಿದ ಕೇಬಲ್ ಕೆಡುವುದು ಮುಂದಿನ ಮಳೆಗಾಲದಲ್ಲಿ.

ಕೆಲಸ ಮುಗಿದ ಮೇಲೆ ಮರಳು, ಇಟ್ಟಿಗೆ, ಪಟ್ಟಿಗಳನ್ನು ಇದ್ದ ಕ್ರಮದಲ್ಲೇ ಹಾಕಿ ಮುಚ್ಚಿ. ಮುಚ್ಚುವ ಮೊದಲು ಗೇಟಿನ ಕಂಬದಿಂದ ಪ್ರತಿ ಲೈನ್‌ಗಿರುವ ದೂರ ಮತ್ತು ಆಳವನ್ನು ಟೇಪಿನಲ್ಲಿ ಅಳೆದು, ಟೇಪು ಕಾಣುವಂತೆ ಫೋಟೊ ತೆಗೆದು, ಕೈಯಲ್ಲಿ ಬರೆದ ಒಂದು ನಕ್ಷೆಯೊಂದಿಗೆ ಮನೆಯ ಖಾತೆ ಪತ್ರಗಳ ಜೊತೆ ಇಡಿ. ಇನ್ನೊಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ.